ಹತ್ತು ಗಜದ ಅಂಕಲ್

ಕಳೆದ ತಿಂಗಳು ಗರಾಜಿನಲ್ಲಿ ಗಿಡಗಳಿಗೆ ನೀರು ಹಾಕುವ ಪೈಪು ಹುಡುಕುತ್ತಿದ್ದಾಗ ಕಿತ್ತಳೆ ಬಣ್ಣದ ಒಂದು ವೆಸ್ಟ್ ಕೈಗೆ ಸಿಕ್ಕಿತು. ರಸ್ತೆ ಕೆಲಸದವರು ಅಂಗಿಯ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಒದರಿದರೆ ಜೇಬಿನಿಂದ ಒಣಗಿದ ಹುಲ್ಲು ಉದುರಿತು, ಜೊತೆಗೆ ಶುಂಠಿ ಮಿಠಾಯಿ ಸುತ್ತಿದ್ದ ಒಂದು ಖಾಲಿ ಕಾಗದ. ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಶುಂಠಿಯ ಘಾಟು ಪೂರ್ತಿ ಹೋಗಿರಲಿಲ್ಲ.

"ಏನ್ ಮೂಸ್ತಾ ಇದ್ದೀಯಾ ಅಲ್ಲಿ?" ಎಂದು ನನ್ನ ಗಂಡ ಅಡುಗೆಮನೆಯ ಬಾಗಿಲಿನಿಂದ ಕೇಳಿದರು.

"ಚೈನ್ ಅಂಕಲ್ ಮೊದಲನೇ ವರ್ಷ ಕೊಟ್ಟಿದ್ದ ವೆಸ್ಟು," ಅಂದೆ. ಅವರು ತಕ್ಷಣ ಒಳಗೆ ಹೋಗಿಬಿಟ್ಟರು. ಆ ಅಂಕಲ್ ಹೆಸರೆತ್ತಿದರೆ ನಮ್ಮ ಮನೆಯವರು ಇವತ್ತಿಗೂ ಸ್ವಲ್ಪ ತಲೆ ತಗ್ಗಿಸುತ್ತಾರೆ. ಕಾರಣ ಇದೆ, ಹೇಳುತ್ತೇನೆ.

ಕೋವಿಡ್ ಇನ್ನೇನು ಮುಗಿಯಿತು ಎಂದು ಎಲ್ಲರೂ ಧೈರ್ಯ ತಂದುಕೊಳ್ಳುತ್ತಿದ್ದ ಬೇಸಿಗೆಯಲ್ಲಿ ನಾವು ಅಮೆರಿಕದ ಫೋರ್ಟ್ ಮಿಲ್‌ಗೆ ಬಂದೆವು. ಗಂಡನ ಆಫೀಸು ರಾಜ್ಯದ ಗಡಿಯಾಚೆ ಶಾರ್ಲಟ್‌ನಲ್ಲಿ, ನನ್ನ ಆಫೀಸು ಮನೆಯ ಊಟದ ಮೇಜಿನ ಮೇಲೆ. ಮಗಳು ಒಂಬತ್ತನೇ ಕ್ಲಾಸಿಗೆ ಸೇರಿದವಳು ಎರಡೇ ವಾರದಲ್ಲಿ ಫುಟ್‌ಬಾಲ್ ಪಂದ್ಯಗಳಲ್ಲಿ ಕುಣಿದು ಹುರಿದುಂಬಿಸುವ ಚಿಯರ್ ತಂಡಕ್ಕೆ ಆಯ್ಕೆಯಾಗಿ ಬಂದಳು. ಏಳು ವರ್ಷ ಭರತನಾಟ್ಯ ಕಲಿಸಿದ್ದಕ್ಕೆ ಇದೇನಾ ಫಲ ಎಂದು ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಶಾಲೆಯಿಂದ ಇಮೇಲ್ ಬಂತು. ತಂಡದ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಪಂದ್ಯದ ದಿನ ಏನಾದರೊಂದು ಕೆಲಸಕ್ಕೆ ನಿಲ್ಲಲೇಬೇಕಂತೆ.

ತಿಂಡಿ ಮಾರುವ ಕೌಂಟರಿನಲ್ಲಿ ನಿಂತರಾಯಿತು, ಅಲ್ಲೇ ಇಬ್ಬರು ಕನ್ನಡದವರಾದರೂ ಸಿಗುತ್ತಾರೆ ಎಂದುಕೊಂಡು ಪಟ್ಟಿ ತೆರೆದರೆ ಆ ಜಾಗಗಳೆಲ್ಲ ಭರ್ತಿ. ಟಿಕೆಟ್ ಹರಿಯುವುದು, ಪಾರ್ಕಿಂಗ್ ನೋಡಿಕೊಳ್ಳುವುದು ಕೂಡ ಭರ್ತಿ. ಒಂದೇ ಒಂದು ಸಾಲು ಖಾಲಿ ಇತ್ತು: ಚೈನ್ ಕ್ರೂ. ಪಾರ್ಕಿಂಗಿಗೆ ಅಡ್ಡ ಸರಪಳಿ ಕಟ್ಟುವ ಕೆಲಸವಿರಬೇಕು ಎಂದು ಹೆಸರು ಬರೆದೆ.

ಪಂದ್ಯದ ದಿನ, ಗುರುವಾರ ಸಂಜೆ ಐದಕ್ಕೆ ಮೈದಾನದ ಗೇಟಿನ ಹತ್ತಿರ ನಿಂತು ಗಂಡನಿಗೆ ಫೋನ್ ಮಾಡಿ, "ರೀ, ಇಲ್ಲಿ ಯಾವ ಸರಪಳಿನೂ ಕಾಣ್ತಾ ಇಲ್ಲ, ಯಾರನ್ನ ಕೇಳ್ಲಿ?" ಅನ್ನುತ್ತಿದ್ದೆ. ಬೆನ್ನ ಹಿಂದಿನಿಂದ ದನಿ ಬಂತು. "ಸರಪಳಿ ನನ್ನ ಹತ್ರ ಉಂಟು ಮಾರಾಯ್ರೇ. ಬನ್ನಿ, ತೋರಿಸ್ತೇನೆ."

ತಿರುಗಿ ನೋಡಿದರೆ ಎಪ್ಪತ್ತು ದಾಟಿದ ಒಬ್ಬರು ಸಣಕಲು ಅಂಕಲ್. ತಲೆಗೆ ಟೋಪಿ, ಮೈಮೇಲೆ ಕಿತ್ತಳೆ ವೆಸ್ಟು, ಬಾಯಲ್ಲಿ ಶುಂಠಿ ಮಿಠಾಯಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು. ಬಕೆಟ್ಟಿನ ತುಂಬ ತುಕ್ಕು ಹಿಡಿದ ಸರಪಳಿ. ದಕ್ಷಿಣ ಕೆರೊಲಿನಾದ ಒಂದು ಶಾಲೆಯ ಗೇಟಿನಲ್ಲಿ ಮಂಗಳೂರಿನ ಕನ್ನಡ ಕೇಳಿದ ಗಾಬರಿಗೆ ನಾನು ಫೋನ್ ಕಟ್ ಮಾಡುವುದನ್ನೂ ಮರೆತಿದ್ದೆ.

ಮಂಗಳೂರಿನ ಕಡೆಯ ಕ್ಯಾಥೊಲಿಕ್ ಮನೆತನ ಅವರದು. ಊರಿನಲ್ಲಿ ಬಟ್ಟೆ ಗಿರಣಿಯಲ್ಲಿ ಇಂಜಿನಿಯರ್ ಆಗಿದ್ದವರು ಇಲ್ಲಿನ ಗಿರಣಿಗೆ ಕೆಲಸ ಸಿಕ್ಕಿ ಬಂದಿದ್ದರು. ಗಿರಣಿ ಮುಚ್ಚಿದ ಮೇಲೆ ಪರೀಕ್ಷೆ ಕಟ್ಟಿ ಇದೇ ಶಾಲೆಯಲ್ಲಿ ಗಣಿತದ ಮೇಷ್ಟ್ರಾದರು. ನಿವೃತ್ತಿಯೂ ಆಯಿತು. ಮೇಷ್ಟ್ರಾಗಿದ್ದಾಗ ಯಾರೋ ಒಂದು ದಿನದ ಮಟ್ಟಿಗೆ ಎಂದು ಒಪ್ಪಿಸಿದ ಸರಪಳಿ ಮಾತ್ರ ಇಪ್ಪತ್ತು ವರ್ಷದಿಂದ ಅವರ ಕೈಯಲ್ಲೇ ಉಳಿದಿತ್ತು. "ಮೊದಲು ಬಟ್ಟೆ ಅಳೆದೆ, ಈಗ ಹುಲ್ಲು ಅಳೀತೇನೆ. ಗಜ ಮಾತ್ರ ಅದೇ," ಎಂದು ನಗುತ್ತಿದ್ದರು.

ಈ ಆಟ ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದಕ್ಕೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಆ ಹತ್ತು ಗಜ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದಕ್ಕೆ ಮೈದಾನದ ಅಂಚಿನಲ್ಲಿ ಎರಡು ಕಂಬ, ಅವುಗಳ ನಡುವೆ ಸರಿಯಾಗಿ ಹತ್ತು ಗಜದ ಸರಪಳಿ. ಎಷ್ಟನೇ ಅವಕಾಶ ಎಂದು ಅಂಕಿ ತೋರಿಸುವ ಇನ್ನೊಂದು ಕಂಬ. ಇವನ್ನು ಹಿಡಿದುಕೊಂಡು ಆಟದ ಜೊತೆ ಅತ್ತಿಂದಿತ್ತ ಓಡಾಡುವ ನಾಲ್ಕು ಜನವೇ ಚೈನ್ ಕ್ರೂ.

ಅಗ್ನಿಶಾಮಕ ದಳದಲ್ಲಿದ್ದ ಒಬ್ಬ ಅಪ್ಪ, ಟೈರ್ ಅಂಗಡಿ ಇಟ್ಟಿದ್ದ ಇನ್ನೊಬ್ಬ ಅಪ್ಪ, ಇವರಿಬ್ಬರದು ಸರಪಳಿಯ ಕಂಬಗಳು. ಅಂಕಿಯ ಕಂಬ ನನಗೆ ಬಂತು. ಅಂಕಲ್ ಕೈಯಲ್ಲಿ ಇರುತ್ತಿದ್ದದ್ದು ಒಂದು ಸಣ್ಣ ಕ್ಲಿಪ್ಪು. ನೋಡುವುದಕ್ಕೆ ಏನೂ ಅಲ್ಲ, ಆದರೆ ಇಡೀ ಆಟದ ನ್ಯಾಯ ಅದರಲ್ಲಿತ್ತು. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ. ಹಿಂದಿನ ಕಂಬಕ್ಕೆ ಹತ್ತಿರದ ಗೆರೆ ಸರಪಳಿಯನ್ನು ಎಲ್ಲಿ ದಾಟುತ್ತದೋ ಅಲ್ಲಿ ಕ್ಲಿಪ್ಪು ಕಚ್ಚಿಸಬೇಕು. ಹತ್ತು ಗಜ ಆಯಿತೋ ಇಲ್ಲವೋ ಎಂದು ಅನುಮಾನ ಬಂದಾಗ ಸರಪಳಿಯನ್ನು ಮೈದಾನದ ನಡುವೆ ಒಯ್ದು, ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಎಳೆದರೆ, ಮುಂದಿನ ಕಂಬ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ.

ಪಾಠ ಅವತ್ತೇ ಶುರುವಾಯಿತು. "ರೆಫ್ರಿ ಕೈ ತೋರಿಸುವವರೆಗೆ ಅಂಕಿ ತಿರುಗಿಸ್ಲಿಕ್ಕೆ ಇಲ್ಲ, ಆಯ್ತಾ? ನಿಮಗೆ ಗೊತ್ತಿದ್ರೂ ಗೊತ್ತಿಲ್ಲದ ಹಾಗೆ ನಿಂತುಕೊಳ್ಳಬೇಕು. ಹುಡುಗರು ನಮ್ಮ ಮೇಲೆ ಬಂದ್ರೆ ಕಂಬ ಬಿಸಾಡಿ ಹಿಂದಕ್ಕೆ ಓಡಬೇಕು. ಮರ್ಯಾದೆ ಗಿರ್ಯಾದೆ ನೋಡ್ಲಿಕ್ಕೆ ಇಲ್ಲ. ಫೋನ್ ತೆಗೀಬಾರದು. ಮುಖ್ಯ ಎಂತ ಅಂದ್ರೆ, ಚಪ್ಪಾಳೆ ಹೊಡೀಬಾರದು."

"ನಮ್ಮ ಸ್ಕೂಲ್ ಗೆದ್ರೂನಾ ಅಂಕಲ್?"

"ಗೆದ್ರೂ ಹೊಡೀಬಾರದು, ಸೋತ್ರೂ ಅಳಬಾರದು. ಈ ವೆಸ್ಟ್ ಹಾಕಿದ ಮೇಲೆ ನಮಗೆ ಸ್ಕೂಲ್ ಇಲ್ಲ."

ಅದರಲ್ಲೊಂದು ತಮಾಷೆಯೂ ಇತ್ತು. ಚೈನಿನವರು ಆತಿಥೇಯ ಶಾಲೆಯವರೇ, ಆದರೆ ನಿಲ್ಲುವುದು ಎದುರಾಳಿ ತಂಡದ ಬದಿಯಲ್ಲಿ. ನಮ್ಮ ಮಕ್ಕಳು, ನಮ್ಮ ಜನ, ಚಿಯರ್ ತಂಡ, ಎಲ್ಲ ಮೈದಾನದ ಆಚೆ. ನಾವು ಮಾತ್ರ ಈಚೆ, ಪರರ ಕೋಚ್‌ಗಳ ಬೈಗುಳದ ನಡುವೆ. ಮೊದಲ ಪಂದ್ಯದಲ್ಲೇ ನನ್ನ ಮಗಳನ್ನು ಮೂರು ಹುಡುಗಿಯರು ಸೇರಿ ಮೇಲಕ್ಕೆ ಎತ್ತಿ ನಿಲ್ಲಿಸಿದ್ದನ್ನು ದೂರದಿಂದ ಕಂಡು ನಾನು ಅಂಕಿಯ ಕಂಬವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ಹೊಡೆದುಬಿಟ್ಟೆ. ಅಂಕಲ್ ನನ್ನತ್ತ ನೋಡಲೂ ಇಲ್ಲ. ಒಂದು ಶುಂಠಿ ಮಿಠಾಯಿ ತೆಗೆದು ಕೈಯಲ್ಲಿಟ್ಟರು. ಎರಡೂ ಕೈಗೆ ಕೆಲಸ ಕೊಡುವ ಉಪಾಯ ಅದು. ಆಮೇಲೆ ಆ ಋತುವೆಲ್ಲ ನಾನು ಎಷ್ಟು ಮಿಠಾಯಿ ತಿಂದೆನೋ ಲೆಕ್ಕವಿಲ್ಲ.

ಪಂದ್ಯಕ್ಕೆ ಮುಂಚೆ ಅವರದೊಂದು ನೇಮ ಇತ್ತು. ಸರಪಳಿಯನ್ನು ಬಕೆಟ್ಟಿನಿಂದ ತೆಗೆದು, ಸಿಕ್ಕು ಬಿಡಿಸಿ, ಒಂದು ಗೆರೆಯಿಂದ ಹತ್ತು ಗಜದಾಚೆಯ ಗೆರೆಗೆ ಬಿಗಿಯಾಗಿ ಹಾಸುವುದು. ಎರಡೂ ತುದಿ ಗೆರೆಗೆ ಕೂತರೆ ಸರಿ. ಮಂಡಿಯೂರಿ ಕೂತು, ಕನ್ನಡಕ ಹಣೆಗೆ ಏರಿಸಿ, ಗೆರೆಯ ಹತ್ತಿರ ಮುಖವಿಟ್ಟು ನೋಡುತ್ತಿದ್ದರು. "ಇದು ಕಬ್ಬಿಣ ಅಲ್ವಾ ಅಂಕಲ್, ವಾರಕ್ಕೊಂದ್ ಸಲ ಗಿಡ್ಡ ಆಗತ್ತಾ?" ಎಂದು ಚುಡಾಯಿಸಿದರೆ, "ಆಗುದಿಲ್ಲ ಅಂತ ಹೇಳ್ಲಿಕ್ಕೆ ನೀನು ಯಾರು, ನಾನು ಯಾರು?" ಅನ್ನುತ್ತಿದ್ದರು. ಅಷ್ಟರಲ್ಲಿ 'ಮಾರಾಯ್ರೇ' ಹೋಗಿ 'ಮಾರಾಯ್ತಿ' ಆಗಿತ್ತು. ನನಗೆ ಅದು ಬಡ್ತಿ ಸಿಕ್ಕಷ್ಟು ಖುಷಿ.

ಆದರೆ ಆ ವರ್ಷ ಅವರ ಜಾಗ ಅಲುಗಾಡುತ್ತಿತ್ತು. ಎರಡನೇ ಪಂದ್ಯದಲ್ಲಿ ಒಬ್ಬ ಹುಡುಗ ಗೆರೆ ದಾಟಿ ನುಗ್ಗಿ ಬಂದಾಗ ಅಂಕಲ್ ಸರಿಯಲು ತಡಮಾಡಿ ಬಿದ್ದಿದ್ದರು. ಮಂಡಿ ಊದಿತು. ಪೋಷಕರ ಸಂಘದಲ್ಲಿ ಕೆಲವರು, ವಯಸ್ಸಾಯಿತು, ಚುರುಕಾದವರನ್ನು ಹಾಕಿ ಎಂದು ಶುರುಮಾಡಿದರು. ಶಾಲೆಯ ಕ್ರೀಡಾ ವಿಭಾಗದ ಮುಖ್ಯಸ್ಥರು ಅವರನ್ನು ಕರೆದು, ಈ ಋತು ಮುಗಿಯಲಿ, ಇನ್ನೊಂದು ಎಡವಟ್ಟಾದರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿದ್ದರು.

ಇದನ್ನು ಅಂಕಲ್ ನನಗೆ ಹೇಳಿದ್ದು ಸರಪಳಿ ಸುತ್ತುತ್ತಾ. ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಟ್ಲಾಂಟಾದಲ್ಲಿದ್ದ ಮಗ ಪ್ರತಿ ಭಾನುವಾರ ಫೋನ್ ಮಾಡಿ ಮನೆ ಮಾರಿ ಬಂದುಬಿಡಿ ಅನ್ನುತ್ತಿದ್ದ. "ಪಂದ್ಯ ಉಂಟು, ಹೇಗೆ ಬರುದು ಅಂತ ಹೇಳ್ತೇನೆ. ಬೇರೆ ಕಾರಣ ನನ್ನ ಹತ್ರ ಎಂತದೂ ಇಲ್ಲ ಮಾರಾಯ್ತಿ. ಇದು ಹೋದ್ರೆ ನಾನೂ ಇಲ್ಲಿಂದ ಹೋಗ್ಬೇಕು," ಅಂದರು. ನಗುತ್ತಲೇ ಅಂದರು, ಆದರೆ ಸರಪಳಿಯ ತುದಿ ಮಾತ್ರ ಬಕೆಟ್ಟಿಗೆ ಹಾಕದೆ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡೇ ಇದ್ದರು...

ಅಕ್ಟೋಬರ್ ಬಂತು. ಆ ವರ್ಷ ಆಯುಧ ಪೂಜೆ ಗುರುವಾರವೇ, ನಮ್ಮ ಪಂದ್ಯದ ದಿನವೇ ಬಿದ್ದಿತ್ತು. ನಮ್ಮ ಮನೆಯಲ್ಲಿ ಕಾರು, ಲ್ಯಾಪ್‌ಟಾಪ್, ಮಿಕ್ಸಿ, ಹುಲ್ಲು ಕತ್ತರಿಸುವ ಮಷೀನು, ಎಲ್ಲಕ್ಕೂ ಕುಂಕುಮ ಬೀಳುತ್ತದೆ. ವಾರಕ್ಕೊಮ್ಮೆ ಕೈಯಲ್ಲಿ ಹಿಡಿಯುವ ಸರಪಳಿಯನ್ನು ಬಿಡುವುದು ಹೇಗೆ? ಹಿಂದಿನ ವಾರ ಅಂಕಲ್ಲನ್ನು ಕೇಳಿದೆ. "ಅಂಕಲ್, ಚೈನ್ ಮನೆಗೆ ತಗೊಂಡ್ ಹೋಗ್ಲಾ? ತೊಳೆದು ಪೂಜೆ ಮಾಡಿ ತರ್ತೀನಿ."

ಅವರ ಮುಖ ಅರಳಿತು. "ಊರಿನ ಗಿರಣಿಯಲ್ಲಿ ಮಗ್ಗಕ್ಕೆಲ್ಲ ಮಾಡ್ತಿದ್ರು. ಪಾದ್ರಿಗಳು ಕೇಳಿದ್ರೆ ನಾನು ಉಸಲಿ ತಿನ್ಲಿಕ್ಕೆ ಮಾತ್ರ ಹೋದದ್ದು ಅಂತ ಹೇಳ್ತಿದ್ದೆ. ತಗೊಂಡು ಹೋಗು ಹೋಗು. ಉಸಲಿ ಮಾತ್ರ ಮರೀಬೇಡ." ಇಪ್ಪತ್ತು ವರ್ಷದಲ್ಲಿ ಆ ಬಕೆಟ್ಟು ಅವರ ಕೈಬಿಟ್ಟು ಹೋದದ್ದು ಅದೇ ಮೊದಲು.

ಹುಣಸೆ, ಉಪ್ಪು ಹಾಕಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದು ಕೊಂಡಿಯನ್ನೂ ತಿಕ್ಕಿದೆ. ಎರಡು ಸಂಜೆ ಹಿಡಿಯಿತು. ಕಪ್ಪಗಿದ್ದದ್ದು ಬೆಳ್ಳಗಾಯಿತು. ಒರೆಸಿ ಒಣಗಲು ಹರಡಿದಾಗ ಒಂದು ತುದಿಯ ಹತ್ತಿರ ಮೂರು ಕೊಂಡಿ ಸೊಟ್ಟಗಾಗಿ ಬಾಯಿ ಬಿಟ್ಟಿದ್ದು ನನ್ನ ಗಂಡನ ಕಣ್ಣಿಗೆ ಬಿತ್ತು. ದಿನವಿಡೀ ಕಂಪ್ಯೂಟರಿನಲ್ಲಿ ಕಾಣದ ವಸ್ತುಗಳನ್ನು ರಿಪೇರಿ ಮಾಡುವ ಮನುಷ್ಯ, ಕೈಗೆ ಸಿಗುವ ವಸ್ತು ಕೆಟ್ಟಿದ್ದು ಕಂಡರೆ ಬಿಡುತ್ತಾರೆಯೇ? "ಇದು ಮ್ಯಾಚ್ ಮಧ್ಯ ಬಿಟ್ಕೊಂಡ್ರೆ ಅಂಕಲ್ ಮಾನ ಹೋಗತ್ತೆ, ಇರು," ಎಂದು ಇಕ್ಕಳ ತಂದು ಮೂರು ಕೊಂಡಿಯನ್ನೂ ತೆಗೆದು, ಆಚೀಚೆಯ ಗಟ್ಟಿ ಕೊಂಡಿಗಳನ್ನು ಚೆನ್ನಾಗಿ ಬೆಸೆದುಕೊಟ್ಟರು. ನಾನೂ ಭೇಷ್ ಅಂದೆ. ಸಾಫ್ಟ್‌ವೇರಿನ ಇಬ್ಬರು ಇಂಜಿನಿಯರುಗಳ ತಲೆಗೆ ಒಂದು ಸರಳ ಕಳೆಯುವ ಲೆಕ್ಕ ಹೊಳೆಯಲಿಲ್ಲ.

ಗುರುವಾರ ಸಂಜೆ ಮೈದಾನಕ್ಕೆ ಬಕೆಟ್ಟು ಹೋದದ್ದು ಸೇವಂತಿಗೆ ಹಾರದ ಸಮೇತ. ಜೊತೆಗೆ ದೊಡ್ಡ ಡಬ್ಬಿ ಕಡಲೆ ಉಸಲಿ. ಅಗ್ನಿಶಾಮಕದ ಅಪ್ಪ ಎರಡು ಬಟ್ಟಲು ತಿಂದರು. ಟೈರ್ ಅಂಗಡಿಯವರು ತಮ್ಮ ಅಂಗಡಿಯ ಜ್ಯಾಕಿಗೂ ಮುಂದಿನ ವರ್ಷ ಹೂವು ಬೇಕು ಅಂದರು. ಎದುರಾಳಿ ತಂಡದ ಕೋಚ್, ಎತ್ತರದ ಗಡಸು ದನಿಯ ಮನುಷ್ಯ, ಹಾರ ಹಾಕಿದ ಬಕೆಟ್ಟು ನೋಡಿ ಹುಬ್ಬೇರಿಸಿ ಬಂದರು. "ದೇವರು ಯಾರ ಕಡೆ ಹಾಗಾದ್ರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಅದು ಗೊತ್ತಿಲ್ಲ. ನಾವು ನಿಂತುಕೊಳ್ಳುದು ನಿಮ್ಮ ಕಡೆ," ಎಂದು ಅಂಕಲ್ ಅವರಿಗೂ ಒಂದು ಬಟ್ಟಲು ಕೊಟ್ಟರು. ಕಾಯಿತುರಿ ಹಾಕಿದ ಉಸಲಿ ತಿನ್ನುತ್ತಾ ಅಂಕಲ್ ಊರಿನ ಗಿರಣಿಯ ಕಥೆ ತೆಗೆದರು. ಕಥೆ ಮುಗಿಯುವ ಹೊತ್ತಿಗೆ ರೆಫ್ರಿ ಸೀಟಿ ಊದಿದ. ಹಾರ ತೆಗೆದು ಓಡಿದೆವು. ಗೆರೆಯಿಂದ ಗೆರೆಗೆ ಹಾಸಿ ನೋಡುವ ನೇಮ ಅವತ್ತೊಂದು ದಿನ ತಪ್ಪಿತು.

ಪಂದ್ಯ ಬಿಗಿಯಾಗಿತ್ತು. ಕೊನೆಯ ಕಾಲು ಭಾಗದವರೆಗೂ ಸರಪಳಿ ಒಳಗೆ ಒಯ್ದು ಅಳೆಯುವ ಪ್ರಸಂಗ ಬರಲಿಲ್ಲ. ನಮ್ಮವರು ಮೂರು ಅಂಕ ಹಿಂದಿದ್ದರು, ಚೆಂಡು ನಮ್ಮವರ ಕೈಯಲ್ಲಿತ್ತು, ನಾಲ್ಕನೇ ಅವಕಾಶ. ಹುಡುಗರೆಲ್ಲ ಗುಡ್ಡೆ ಬಿದ್ದರು. ಎದ್ದ ಮೇಲೆ ನೋಡಿದರೆ ಚೆಂಡು ಮುಂದಿನ ಕಂಬದ ನೇರಕ್ಕೆ, ಆಯಿತೋ ಇಲ್ಲವೋ ಹೇಳಲಾಗದಂತೆ ನಿಂತಿತ್ತು. ರೆಫ್ರಿ ನಮ್ಮತ್ತ ಕೈಬೀಸಿದ.

ಅಂಕಲ್ ಕ್ಲಿಪ್ಪು ಹಿಡಿದು ಕುಂಟುತ್ತಲೇ ಓಡಿದರು, ಹಿಂದೆ ಇಬ್ಬರು ಅಪ್ಪಂದಿರು ಕಂಬ ಎತ್ತಿಕೊಂಡು. ಕ್ಲಿಪ್ಪು ಗೆರೆಯ ಮೇಲೆ ಕೂತಿತು, ಸರಪಳಿ ಬಿಗಿಯಾಯಿತು. ಚೆಂಡಿನ ಮೂಗು ಕಂಬವನ್ನು ಎರಡು ಬೆರಳಿನಷ್ಟು ದಾಟಿತ್ತು. ಹತ್ತು ಗಜ ಆಯಿತು, ಚೆಂಡು ನಮ್ಮ ಹುಡುಗರಿಗೇ ಎಂದು ರೆಫ್ರಿ ಕೈ ತೋರಿಸಿದ. ಆಚೆ ಬದಿಯಲ್ಲಿ ಇಡೀ ಗ್ಯಾಲರಿ ಎದ್ದು ಕುಣಿಯಿತು. ನನ್ನ ಮಗಳು ಗಾಳಿಯಲ್ಲಿ ಪಲ್ಟಿ ಹೊಡೆದಳು. ನಾನು ಎರಡು ಮಿಠಾಯಿ ಒಟ್ಟಿಗೆ ಬಾಯಿಗೆ ಹಾಕಿಕೊಂಡೆ.

ಸರಪಳಿ ಅಂಚಿಗೆ ವಾಪಸ್ಸು ಬಂತು. ಹುಲ್ಲಿನಲ್ಲಿ ಸಿಕ್ಕು ಬೀಳದಂತೆ ಮುಂದಿನ ಕಂಬದ ಹತ್ತಿರ ಅದನ್ನು ಎತ್ತಿಹಿಡಿದ ಅಂಕಲ್ ಬೆರಳು ಅಲ್ಲೇ ನಿಂತವು. ಮುಂದಕ್ಕೆ ಸವರಿದರು, ಹಿಂದಕ್ಕೆ ಸವರಿದರು. ನನ್ನತ್ತ ತಿರುಗಿ ಕೇಳಿದರು. "ಇಲ್ಲಿ ಮೂರು ಕೊಂಡಿ ಸೊಟ್ಟ ಇತ್ತಲ್ಲ. ಅದು ಎಲ್ಲಿ?"

"ನಮ್ಮನೆಯವ್ರು ರಿಪೇರಿ ಮಾಡಿದ್ರು ಅಂಕಲ್," ಎಂದು ಹೆಮ್ಮೆಯಿಂದಲೇ ಅಂದೆ. "ತೆಗೆದು ಗಟ್ಟಿಯಾಗಿ ಜೋಡಿಸಿಬಿಟ್ರು." ಬಾಯಿಂದ ಮಾತು ಹೊರಬಿದ್ದ ಕ್ಷಣಕ್ಕೇ ನನಗೂ ತಿಳಿಯಿತು.

ಮುಂದಿನ ಆಟ ಶುರುವಾಗುವುದಕ್ಕೆ ಇನ್ನು ಅರ್ಧ ನಿಮಿಷವೂ ಇರಲಿಲ್ಲ. ಶುರುವಾದರೆ ಆ ಅಳತೆಯನ್ನು ಯಾರೂ ಬದಲಿಸುವಂತಿಲ್ಲ, ಯಾರಿಗೂ ಗೊತ್ತಾಗುವಂತೆಯೂ ಇಲ್ಲ. ನಾನು ಅವರ ತೋಳು ಹಿಡಿದುಕೊಂಡೆ. "ಅಂಕಲ್, ಬೇಡ. ನಿಮ್ಮನ್ನ ತೆಗೆದುಹಾಕ್ತಾರೆ." ಅವರು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು. "ಹತ್ತು ಗಜ ಅಲ್ಲದ್ದನ್ನು ಹತ್ತು ಗಜ ಅಂತ ಹಿಡ್ಕೊಂಡು ನಿಲ್ಲುದು ಹೇಗೆ ಮಾರಾಯ್ತಿ?" ಎಂದವರೇ ಎರಡೂ ಕೈ ಮೇಲೆತ್ತಿ ಮೈದಾನದೊಳಗೆ ನಡೆದುಬಿಟ್ಟರು. ಕರೆಯದೆ ಗೆರೆ ದಾಟಬಾರದು ಎಂದು ನನಗೆ ಹತ್ತು ಸಲ ಹೇಳಿದ್ದ ಮನುಷ್ಯ.

ಆಟ ನಿಂತಿತು. ಸರಪಳಿಯನ್ನು ಗೆರೆಯಿಂದ ಗೆರೆಗೆ ಹಾಸಿದರು. ಮುಂದಿನ ತುದಿ ಗೆರೆಗಿಂತ ನಾಲ್ಕು ಬೆರಳು ಹಿಂದೆಯೇ ಉಳಿಯಿತು. ಆ ನಾಲ್ಕು ಬೆರಳು ಸೇರಿಸಿ ಮತ್ತೆ ಅಳೆದರೆ ಚೆಂಡು ಎರಡು ಬೆರಳು ಕಡಿಮೆ ಬಿತ್ತು. ರೆಫ್ರಿ ಕೈ ಆ ಕಡೆಗೆ ತಿರುಗಿಸಿದ. ಚೆಂಡು ಅವರಿಗೆ ಹೋಯಿತು, ಪಂದ್ಯವೂ ಹೋಯಿತು. ಗ್ಯಾಲರಿಯಿಂದ ಬಂದ ಕೂಗು ಇಲ್ಲಿ ಬರೆಯುವಂಥದ್ದಲ್ಲ. ಅಂಕಲ್ ಬಕೆಟ್ಟು ಹಿಡಿದು ತಲೆ ಬಗ್ಗಿಸದೆ ನಡೆದರು. ಪೋಷಕರ ಸಂಘದ ಅಧ್ಯಕ್ಷರು ಅಡ್ಡ ಬಂದು, ಏನಿದು ಅವಾಂತರ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆಯೇ, "ಚೈನ್ ನನ್ನ ಜವಾಬ್ದಾರಿ. ಇವತ್ತು ನಾನು ಅಳೆದು ನೋಡಲಿಲ್ಲ," ಅಂದರು.

ಕಾರಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡು, "ಅಮ್ಮಾ, ನೀನ್ ಪೂಜೆ ಮಾಡಿದ್ದಕ್ಕೇ ನಾವ್ ಲೂಸ್ ಆದ್ವಿ. ಎವ್ರಿವನ್ ನೋಸ್," ಅಂದಳು. ಮನೆಗೆ ಬಂದು ವಿಷಯ ಹೇಳಿದಾಗ ನನ್ನ ಗಂಡ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮೂರು ಕೊಂಡಿಗಳು ಅಡುಗೆಮನೆಯ ಕಿಟಕಿಯ ಮೇಲೆ ಒಂದು ಲೋಟದಲ್ಲಿದ್ದವು. ಆ ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಒಂದು ಪಂದ್ಯ ಹೋದದ್ದಕ್ಕಲ್ಲ. ನನ್ನ ಉತ್ಸಾಹದ ದೆಸೆಯಿಂದ ಒಬ್ಬ ಮುದುಕರ ಗುರುವಾರಗಳು ಹೋಗುತ್ತವಲ್ಲ ಎಂದು.

ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಚಕ್ಕರ್ ಹೊಡೆದು ಕ್ರೀಡಾ ಮುಖ್ಯಸ್ಥರ ಕೋಣೆಗೆ ಹೋದೆ. ಮೂರು ಕೊಂಡಿಗಳನ್ನು ಅವರ ಮೇಜಿನ ಮೇಲಿಟ್ಟೆ. ತಪ್ಪು ನನ್ನದು, ನನ್ನ ಗಂಡನದು, ಅವರದಲ್ಲ ಎಂದು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಸರಪಳಿಗೆ ಪೂಜೆ ಯಾಕೆ ಎಂದು ಅವರು ಕೇಳಿದರು. "ವರ್ಷಕ್ಕೊಂದು ದಿನ ಕೆಲಸದ ಸಾಮಾನಿಗೆ ಎಣ್ಣೆ ಹಾಕಿ ಥ್ಯಾಂಕ್ಸ್ ಹೇಳೋದು," ಅಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನ್ನ ಇಂಗ್ಲಿಷಿಗೆ ಆಗ ಬರಲಿಲ್ಲ.

ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎದುರಾಳಿ ಕೋಚಿನ ಇಮೇಲ್. ಮೂರೇ ಸಾಲು. ನಾನು ಎಷ್ಟೋ ವರ್ಷದಿಂದ ಬೇರೆಯವರ ಮೈದಾನದಲ್ಲಿ ಆಡಿಸುತ್ತಿದ್ದೇನೆ, ತಮ್ಮದೇ ಶಾಲೆಯ ವಿರುದ್ಧ ಕೈ ಎತ್ತಿದ ಚೈನಿನವರನ್ನು ಕಂಡಿರಲಿಲ್ಲ, ಆ ಹಿರಿಯರು ಇರುವಷ್ಟು ದಿನ ನಿಮ್ಮಲ್ಲಿಗೆ ಬರಲು ನಮಗೆ ಸಂತೋಷ ಎಂದಿತ್ತು. "ಇದನ್ನು ಓದಿದ ಮೇಲೆ ನಾನು ಅವರನ್ನು ತೆಗೆಯೋದು ಹೇಗೆ?" ಎಂದು ಮುಖ್ಯಸ್ಥರು ನಕ್ಕರು. ನಾನು ಅಲ್ಲೇ ಅತ್ತುಬಿಟ್ಟೆ. ಟಿಶ್ಯೂ ಡಬ್ಬಿ ಮುಂದೆ ತಳ್ಳಿ ಅವರು ಬೇರೆ ಕಡೆ ನೋಡಿದರು.

ಮುಂದಿನ ಭಾನುವಾರ ಅಂಕಲ್ ನಮ್ಮ ಮನೆಗೆ ಊಟಕ್ಕೆ ಬಂದರು, ಬಕೆಟ್ಟು ಸಮೇತ. ನನ್ನ ಗಂಡ ಕೋಣೆಯಿಂದ ಹೊರಗೆ ಬರಲು ಹತ್ತು ನಿಮಿಷ ತೆಗೆದುಕೊಂಡರು. "ಬಾ ಮಾರಾಯ, ನಾನು ಪೊಲೀಸ್ ಅಲ್ಲ," ಎಂದು ಅಂಕಲ್ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಆ ಮೂರು ಸೊಟ್ಟ ಕೊಂಡಿಗಳನ್ನೇ ಮತ್ತೆ ಹಾಕಿಸಿದರು. ನೇರ ಮಾಡಲಾ ಎಂದು ಇವರು ಕೇಳಿದರೆ, "ಬೇಡ, ನೇರ ಮಾಡಿದ್ರೆ ಉದ್ದ ಆಗ್ತದೆ. ನೀನು ಇನ್ನೊಂದು ಪಂದ್ಯ ಕಳೀತೀ," ಅಂದರು. ಊಟದ ಹೊತ್ತಿನಲ್ಲಿ ಮಗಳು ಅವರನ್ನು ಕೇಳಿದಳು, "ಅಂಕಲ್, ಆರ್ ಯು ಮ್ಯಾಡ್ ಅಟ್ ಅಮ್ಮ?" "ತುಂಬ," ಎಂದು ಅವರು ಇನ್ನೊಂದು ಹೋಳಿಗೆಗೆ ತಟ್ಟೆ ಒಡ್ಡಿದರು.

ಆಮೇಲೆ ಇನ್ನೂ ಎರಡು ಋತು ನಡೆಸಿದರು. ಎರಡನೆಯದರಲ್ಲಿ ಮಂಡಿ ಮಾತು ಕೇಳಲಿಲ್ಲ. ಕ್ಲಿಪ್ಪು ನನ್ನ ಕೈಗೆ ಕೊಟ್ಟು, ತಾವು ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತು, ನಾನು ತಪ್ಪಾದ ಗೆರೆಗೆ ಬಗ್ಗಿದರೆ ಕೆಮ್ಮುತ್ತಿದ್ದರು. ಆ ಚಳಿಗಾಲ ಅಟ್ಲಾಂಟಾಕ್ಕೆ ಹೊರಟರು, ಅವರಾಗಿಯೇ ನಿರ್ಧರಿಸಿ. ಗುರುವಾರಗಳಂದು ಫೋನ್ ಮಾಡಿ ಎಷ್ಟು ಸಲ ಅಳೆದಿರಿ ಎಂದು ಕೇಳುತ್ತಿದ್ದರು. ಯಾರು ಗೆದ್ದರು ಎಂದು ಒಂದು ದಿನವೂ ಕೇಳಲಿಲ್ಲ. ಕಳೆದ ವಸಂತದಲ್ಲಿ ಅವರ ಫೋನಿನಿಂದ ಕರೆ ಬಂದಾಗ, ಇದೇನು ಪಂದ್ಯವಿಲ್ಲದ ಕಾಲದಲ್ಲಿ ಎಂದು ಎತ್ತಿದೆ. ಮಗನ ದನಿ... ನಿದ್ದೆಯಲ್ಲೇ ಹೋದರಂತೆ.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ನನಗೆ ಶಾಲೆಯಲ್ಲಿ ಯಾವ ಕೆಲಸವೂ ಇಲ್ಲ, ಆದರೂ ಗುರುವಾರ ಸಂಜೆ ಕ್ಲಿಪ್ಪು ಹಿಡಿಯಲು ಅಲ್ಲಿಗೇ ಹೋಗುತ್ತೇನೆ. ಮೊನ್ನೆ ಈ ಋತುವಿನ ಮೊದಲ ಪಂದ್ಯ, ಎದುರಾಳಿ ಅದೇ ತಂಡ, ಅದೇ ಎತ್ತರದ ಕೋಚ್. ಕಳೆದ ವರ್ಷದ ಪಂದ್ಯ ಅವರ ಊರಿನಲ್ಲಿದ್ದರಿಂದ ನಾನು ಅವರನ್ನು ಕಂಡಿರಲಿಲ್ಲ. ಗಡ್ಡ ಬೆಳ್ಳಗಾಗಿದೆ. ಬಂದವರೇ ಆಚೀಚೆ ನೋಡಿ ಹಿರಿಯರು ಎಲ್ಲಿ ಎಂದು ಕೇಳಿದರು. ಹೇಳಿದೆ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ತಮ್ಮ ತಂಡದ ಕಡೆ ನಡೆದರು. ಅಷ್ಟೇ ಅಂದುಕೊಂಡೆ. ಎರಡು ನಿಮಿಷಕ್ಕೆ ವಾಪಸ್ಸು ಬಂದರು, ಕೈಯಲ್ಲಿ ಅಳತೆಯ ಟೇಪು.

"ಬೇಜಾರು ಮಾಡಿಕೊಳ್ಳಬೇಡಿ," ಎಂದರು ಇಂಗ್ಲಿಷಿನಲ್ಲಿ. "ಅವರು ಇದ್ದಾಗ ನಾವು ಅಳೆದು ನೋಡುತ್ತಿರಲಿಲ್ಲ."

ಬೇಜಾರಾಗಲಿಲ್ಲ. ಟೇಪಿನ ಇನ್ನೊಂದು ತುದಿಯನ್ನು ನಾನೇ ಹಿಡಿದೆ. ಸರಪಳಿ ಸರಿಯಾಗಿ ಹತ್ತು ಗಜ ಇತ್ತು. ಅವರು ತಲೆಯಾಡಿಸಿ ತಮ್ಮ ಹುಡುಗರ ಕಡೆ ಹೋದರು. ಮಂಡಿಯೂರಿ ಕೂತಿದ್ದ ನಾನು ಕ್ಲಿಪ್ಪು ಎತ್ತಿಕೊಂಡು ಎದ್ದೆ. ವಸಂತದಲ್ಲಿ ಫೋನ್ ಬಂದ ದಿನವೂ ನಾನು ಅತ್ತಿದ್ದೆ, ಆದರೆ ಅಂಕಲ್ ಇನ್ನಿಲ್ಲ ಎಂಬುದು ನನಗೆ ನಿಜವಾಗಿ ತಿಳಿದದ್ದು ಆ ಟೇಪು ಬಿಚ್ಚಿದಾಗ.